ಡಿ ಡ್ರೈವ್‌ನ ಫೈಲ್ ಸರ್ಚ್‌ನಲ್ಲಿ ಸಿಗದಿದ್ದರೆ

ಅಂಗಡಿಯ ಕಂಪ್ಯೂಟರ್‌ನಲ್ಲಿ ಡಿ ಡ್ರೈವ್‌ನ ಫೈಲ್ ಹುಡುಕಿದರೆ ಯಾಕೆ ಸಿಗಲ್ಲ ಅಂತ ಕೇಳಿದ್ದೀರಿ. ನಿಮ್ಮ ಡಿ ಡ್ರೈವ್ ಇಂಡೆಕ್ಸ್‌ಗೆ, ಅಂದರೆ ವಿಂಡೋಸ್ ಫೈಲ್ ಹುಡುಕಲು ಮಾಡಿಟ್ಟುಕೊಳ್ಳುವ ಪಟ್ಟಿಗೆ, ಸೇರಿಯೇ ಇಲ್ಲ ಅನಿಸುತ್ತದೆ. ಡೆಸ್ಕ್‌ಟಾಪ್‌ನಲ್ಲಿರುವ ಲಗ್ನಪತ್ರಿಕೆ ಫೈಲ್ ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗುತ್ತದೆ, ಡಿ ಡ್ರೈವ್‌ನಲ್ಲಿರುವುದು ಸಿಗಲ್ಲ ಅಂದಿದ್ದೀರಲ್ಲ, ಅದೇ ಸುಳಿವು. ವಿಂಡೋಸ್ 10 ಇರಲಿ, 11 ಇರಲಿ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಸರ್ಚ್ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಂಥ ಕೆಲವು ಜಾಗಗಳನ್ನಷ್ಟೇ ನೋಡುತ್ತದೆ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇಂಡೆಕ್ಸಿಂಗ್ ಆಪ್ಷನ್ಸ್ ತೆರೆಯಿರಿ. ಮಾಡಿಫೈ ಒತ್ತಿ. ಡ್ರೈವ್ ಪೂರ್ತಿ ಬೇಡ, ಸುಮ್ನೆ ಭಾರ. ಗಿರಾಕಿಗಳ ಕೆಲಸ ಇಟ್ಟಿರುವ ಫೋಲ್ಡರ್‌ಗೆ ಮಾತ್ರ ಟಿಕ್ ಹಾಕಿ. ಮೇಲ್ಗಡೆ 'ಇಂಡೆಕ್ಸಿಂಗ್ ಕಂಪ್ಲೀಟ್' ಅಂತ ಬರುವವರೆಗೆ ಕಾಯಿರಿ.

ಆಮೇಲೂ ಸಿಗದಿದ್ದರೆ ಇಂಡೆಕ್ಸ್ ಕೆಟ್ಟಿರಬಹುದು. ದಾವಣಗೆರೆಯಲ್ಲಿ ಕರೆಂಟ್ ಹೋದಾಗೆಲ್ಲ ಸಿಸ್ಟಮ್ ದಿಢೀರ್ ಆಫ್ ಆಗುತ್ತದೆ ಅಂದಿದ್ದೀರಿ, ಅದೂ ಕಾರಣ ಇರಬಹುದು, ಖಚಿತವಾಗಿ ಹೇಳಲಾರೆ. ಮೊದಲು ಸರ್ವಿಸಸ್‌ನಲ್ಲಿ (ಹಿನ್ನೆಲೆಯಲ್ಲಿ ನಡೆಯುವ ವಿಂಡೋಸ್ ಕೆಲಸಗಳ ಪಟ್ಟಿ, ಸ್ಟಾರ್ಟ್ ಮೆನುವಿನಲ್ಲಿ Services ಅಂತ ಹುಡುಕಿ) 'ವಿಂಡೋಸ್ ಸರ್ಚ್' ರನ್ನಿಂಗ್ ಇದೆಯಾ ನೋಡಿ. ಇಲ್ಲದಿದ್ದರೆ ಸ್ಟಾರ್ಟ್ ಮಾಡಿ. ನಂತರ ಇಂಡೆಕ್ಸಿಂಗ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್, ಅಲ್ಲಿ ರೀಬಿಲ್ಡ್. ಹೆದರಬೇಡಿ, ನಿಮ್ಮ ಫೈಲ್ ಒಂದೂ ಅಳಿಸುವುದಿಲ್ಲ, ಹುಡುಕುವ ಪಟ್ಟಿ ಮಾತ್ರ ಹೊಸದಾಗುತ್ತದೆ. ಫೈಲ್ ಜಾಸ್ತಿ ಇದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಸ್ಲೀಪ್ ಆಫ್ ಮಾಡಿ, ಅಂಗಡಿ ಮುಚ್ಚುವಾಗ ಬಿಟ್ಟು ಹೋಗಿ.

ಇನ್ನೊಂದು. ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ವರ್ಡ್ ಫೈಲ್‌ಗಳ ಒಳಗಿನ ಕನ್ನಡ ಪದ ಇಷ್ಟೆಲ್ಲ ಮಾಡಿದರೂ ಸಿಗುವುದಿಲ್ಲ. ಪರದೆ ಮೇಲೆ ಕಾಣುವುದು ಕನ್ನಡ, ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್‌ಗೆ ಬದಲಾಯಿಸಿ. ಅಷ್ಟು ಪುರುಸೊತ್ತು ಇಲ್ಲವಾ, ಫೈಲ್ ಹೆಸರಿನಲ್ಲೇ ಗಿರಾಕಿ ಹೆಸರು, ಊರು, ತಿಂಗಳು ಹಾಕಿಡಿ.