ಸೂರ್ಯನಮಸ್ಕಾರ 12ರಿಂದ 108ಕ್ಕೆ ಏರಿದಾಗ ಭುಜಕ್ಕೆ ಏನಾಗುತ್ತದೆ?

ಪ್ರಶ್ನೆ: ನನಗೆ 46 ವರ್ಷ, ಬ್ಯಾಂಕ್ ಉದ್ಯೋಗಿ. ಹಲವು ವರ್ಷಗಳಿಂದ ದಿನಕ್ಕೆ 12 ಸೂರ್ಯನಮಸ್ಕಾರ ಮಾಡುತ್ತಿದ್ದೆ. ರಥಸಪ್ತಮಿಗೆ 108 ಮಾಡಬೇಕೆಂದು ಮೂರು ವಾರ ದಿನಾ ಹೆಚ್ಚಿಸುತ್ತಾ ಹೋದೆ. ಆ ದಿನ ಏನೂ ಆಗಲಿಲ್ಲ. ಈಗ ಯುಗಾದಿ ಕಳೆದರೂ ಬಲಭುಜದ ನೋವು ಹೋಗಿಲ್ಲ. ಜಡೆ ಹಾಕಲು ಕೈ ಎತ್ತಿದರೆ, ಆ ಮಗ್ಗುಲಿಗೆ ಮಲಗಿದರೆ ಚುಚ್ಚುತ್ತದೆ. ಬಿದ್ದಿಲ್ಲ, ಭಾರ ಎತ್ತಿಲ್ಲ. ಒಂದು ವಾರ ಬಿಟ್ಟರೆ ಕಡಿಮೆಯಾಗುತ್ತದೆ, ಶುರು ಮಾಡಿದರೆ ಮತ್ತೆ ಬರುತ್ತದೆ. ಯಾಕೆ ಹೀಗೆ?
– ಓದುಗರು, ಮೈಸೂರು

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ಭುಜದ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ದಣಿದಿರುವಂತೆ ಕಾಣುತ್ತದೆ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು. ಆದರೆ ತಪ್ಪು ಸೂರ್ಯನಮಸ್ಕಾರದ್ದಲ್ಲ, ಏರಿಸಿದ ವೇಗದ್ದು.

ಉಸಿರು, ಸ್ನಾಯು ಕೆಲವೇ ವಾರಗಳಲ್ಲಿ ಪಳಗುತ್ತವೆ. ರಕ್ತಸಂಚಾರ ಕಡಿಮೆ ಇರುವ ಸ್ನಾಯುರಜ್ಜುವಿಗೆ ತಿಂಗಳುಗಳೇ ಬೇಕು. 'ಇನ್ನೂ ಮಾಡಬಲ್ಲೆ' ಅನ್ನಿಸಿದ್ದು ನಿಜವೇ, ಭುಜದ ನಾರು ಮಾತ್ರ ಹಿಂದೆ ಉಳಿದಿತ್ತು. ಜೋರಾಗಿ ದುಡಿದ ಮೇಲೆ ಮೊದಲ ಒಂದೆರಡು ದಿನ ಅದರಲ್ಲಿ ಸವೆತವೇ ಹೆಚ್ಚು, ಕಟ್ಟುವಿಕೆ ಆಮೇಲೆ. ಬಿಡುವಿಲ್ಲದೆ ದಿನಾ ಮಾಡಿದರೆ ರಿಪೇರಿ ಮುಗಿಯುವುದೇ ಇಲ್ಲ. ಲೆಕ್ಕ ಹಾಕಿ: ಒಂದು ಸುತ್ತಿನಲ್ಲಿ ಕೈ ಎರಡು ಸಲ ತಲೆಯ ಮೇಲೆ ಹೋಗುತ್ತದೆ, 108ಕ್ಕೆ 216 ಸಲ. ಜೊತೆಗೆ 108 ಸಲ ಅಂಗೈ ಊರಿ ಮೈಯನ್ನು ನೆಲಕ್ಕೆ ಇಳಿಸಬೇಕು. ಸುಸ್ತಾದಂತೆ ಮೊಣಕೈ ಹೊರಕ್ಕೆ ಜಾರಿ, ಭುಜ ಕಿವಿಯತ್ತ ಏರುತ್ತದೆ. 108 ಮಾಡಿಸುವ ಶಿಬಿರದವರು ಮೊದಲು 'ದಿನಾ ಎಷ್ಟು ಮಾಡುತ್ತೀರಿ' ಎಂದು ಕೇಳಲೇಬೇಕು.

ಪೂರ್ತಿ ಬಿಟ್ಟರೆ ನೋವು ಇಳಿಯುತ್ತದೆ, ನಾರಿನ ಶಕ್ತಿ ಹೆಚ್ಚುವುದಿಲ್ಲ. ಅದಕ್ಕೇ ಮತ್ತೆ ಮರುಕಳಿಸುತ್ತಿದೆ. ದಿನ ಬಿಟ್ಟು ದಿನ ನಾಲ್ಕೋ ಆರೋ ಮಾಡಿ. ಇಳಿಯುವಾಗ ಮಂಡಿ ಊರಿ. ಮಾಡುವಾಗ ಸ್ವಲ್ಪ ನೋವಿದ್ದರೆ ಪರವಾಗಿಲ್ಲ. ಮರುದಿನ ಬೆಳಗ್ಗೆ ಹೆಚ್ಚಾಗಿದ್ದರೆ ಸಂಖ್ಯೆ ಇಳಿಸಿ. ಭುಜ ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಕಲಿಯಿರಿ, ಸುಮಾರು 12 ವಾರ ಹಿಡಿಯುತ್ತದೆ. ನೋವಿನ ಮಾತ್ರೆ ನುಂಗಿ ಅಭ್ಯಾಸಕ್ಕೆ ನಿಲ್ಲುವುದು ಮಾತ್ರ ಬೇಡವೇ ಬೇಡ.

ಶುಗರ್, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಭುಜದ ತೊಂದರೆ ಹೆಚ್ಚು. ಬೇರೆಯವರು ಹಿಡಿದು ತಿರುಗಿಸಿದರೂ ಕೈ ಹೊರಕ್ಕೆ ತಿರುಗದಿದ್ದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು, ಅದರ ಚಿಕಿತ್ಸೆಯೇ ಬೇರೆ. ಕೈಯಲ್ಲಿ ಬಲ ಕುಂದಿದರೆ, ಬೆರಳು ಜೋಮು ಹಿಡಿದರೆ ತಡಮಾಡದೆ ಮೂಳೆ ತಜ್ಞರನ್ನು ಕಾಣಿ.

ಭುಜ ಪೂರ್ತಿ ಸರಿಹೋದ ಮೇಲೂ 108ರ ಆಸೆ ಇದ್ದರೆ ಮುಂದಿನ ಬಾರಿ ದೀಪಾವಳಿಯಿಂದಲೇ ಏರಿಸಲು ಶುರು ಮಾಡಿ.