ಸಂಜೆಯಾದರೆ ‘ನಮ್ಮನೆಗೆ ಹೋಗ್ತೀನಿ’ ಅನ್ನುವ ಅಮ್ಮನಿಗೆ ಏನು ಹೇಳಬೇಕು?

ಅಮ್ಮನಿಗೆ 74, ಆಲ್‌ಝೈಮರ್. ಹಗಲೆಲ್ಲ ಚೆನ್ನಾಗಿದ್ದು ಸಂಜೆ ಐದೂವರೆಗೆ ಚೀಲ ಹಿಡಿದು ಬಾಗಿಲಿಗೆ ಬರುತ್ತಾರೆ, ‘ಇದೇ ನಿನ್ನ ಮನೆ’ ಅಂದಷ್ಟೂ ರೇಗುತ್ತಾರೆ ಎಂದು ಬರೆದಿದ್ದೀರಿ.

ಆ ಮಾತನ್ನೇ ಬಿಟ್ಟುಬಿಡಿ. ಹೊಸದನ್ನು ನೆನಪಿಗೆ ಹಾಕಿಕೊಳ್ಳುವ ಮಿದುಳಿನ ಭಾಗ, ಹಿಪೊಕ್ಯಾಂಪಸ್, ಈ ಕಾಯಿಲೆಯಲ್ಲಿ ಮೊದಮೊದಲೇ ಸವೆಯುತ್ತದೆ. ನಿಮ್ಮ ವಿವರಣೆ ಐದು ನಿಮಿಷವೂ ನಿಲ್ಲುವುದಿಲ್ಲ, ಗದರಿದ್ದರ ಕಸಿವಿಸಿ ಮಾತ್ರ ಉಳಿದುಬಿಡುತ್ತದೆ. ‘ಹೂಂ, ಹೋಗೋಣ, ಮೊದಲು ಬಚ್ಚಲಿಗೆ ಹೋಗಿ ಬನ್ನಿ’ ಅನ್ನಿ. ಎಷ್ಟೋ ಸಲ ಕಾರಣ ಅಷ್ಟೇ ಇರುತ್ತದೆ: ಮೂತ್ರ, ಹಸಿವು, ಮಂಡಿನೋವು. ಹೇಳಲು ಮಾತು ಸಿಗದೆ ಎದ್ದು ನಿಲ್ಲುತ್ತಾರೆ. ಆಮೇಲೂ ಹಟ ಹಿಡಿದರೆ ಚಪ್ಪಲಿ ಹಾಕಿಸಿ ಹತ್ತು ನಿಮಿಷ ಸುತ್ತಾಡಿಸಿ. ವಾಪಸ್ ಬಂದಾಗ ‘ಮನೆ ಬಂತು’ ಅಂದರೆ ಹೆಚ್ಚಿನವರು ಒಪ್ಪಿ ಒಳಗೆ ಬರುತ್ತಾರೆ. ಸುಳ್ಳು ಹೇಳಿದಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ನಾನಂತೂ ಹಾಗೆ ಎಣಿಸುವುದಿಲ್ಲ.

ಐದೂವರೆಗೆ ಶುರುವಾಗುತ್ತದೆ ಅಂದರೆ ನಿಮ್ಮ ಕೆಲಸ ನಾಲ್ಕೂವರೆಗೇ ಶುರು. ಕತ್ತಲಾಗುವ ಮುಂಚೆಯೇ ಎಲ್ಲ ದೀಪ ಹಾಕಿ, ಕಿಟಕಿಯ ಪರದೆ ಎಳೆಯಿರಿ. ಗಾಜಿನಲ್ಲಿ ಕಾಣುವ ತಮ್ಮ ಬಿಂಬವನ್ನೇ ಯಾರೋ ಹೊರಗೆ ನಿಂತಿದ್ದಾರೆಂದು ಹೆದರುವವರಿದ್ದಾರೆ. ಕಿರುಚಾಟದ ಸೀರಿಯಲ್ಲು ಬೇಡ. ಕಾಫಿ ಮಧ್ಯಾಹ್ನ ಎರಡಕ್ಕೆ ಕೊನೆ, ಹಗಲು ನಿದ್ದೆ ಅರ್ಧ ಗಂಟೆ ಸಾಕು. ಕೈಗೆ ಕೆಲಸ ಕೊಡಿ: ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು. ಸೊಟ್ಟಗಾದರೂ ತಿದ್ದಬೇಡಿ.

ಮಾತ್ರೆಗಳ ಪಟ್ಟಿಯನ್ನೊಮ್ಮೆ ವೈದ್ಯರಿಗೆ ತೋರಿಸಿ. ಆಲ್‌ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆಯನ್ನು ರಾತ್ರಿ ತೆಗೆದುಕೊಂಡರೆ ಕೆಲವರಿಗೆ ಕೆಟ್ಟ ಕನಸು ಬಿದ್ದು ನಿದ್ದೆ ಕೆಡುತ್ತದೆ. ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ನೆಗಡಿ, ತುರಿಕೆಗೆಂದು ಅಂಗಡಿಯಲ್ಲೇ ಕೇಳಿ ತರುವ ಏವಿಲ್ ಥರದ ಮಾತ್ರೆ ಬೇಡವೇ ಬೇಡ. ಡೊನೆಪೆಜಿಲ್ ಮಿದುಳಿನಲ್ಲಿ ಹೆಚ್ಚಿಸುವ, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನೇ ಅದು ತಡೆಯುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗೆ.

ಇನ್ನೊಂದು ಮುಖ್ಯ ವಿಷಯ. ಆಲ್‌ಝೈಮರ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ಹೆಚ್ಚುವ ಕಾಯಿಲೆ. ಎರಡೇ ದಿನದಲ್ಲಿ ಗೊಂದಲ ಏಕಾಏಕಿ ಏರಿದರೆ, ಇಲ್ಲದ್ದು ಕಂಡರೆ, ಮಂಪರು ಕವಿದರೆ ‘ಕಾಯಿಲೆ ಜಾಸ್ತಿಯಾಯ್ತು’ ಎಂದು ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ರಕ್ತದಲ್ಲಿ ಸೋಡಿಯಂ ಇಳಿಕೆ, ಹೊಸ ಮಾತ್ರೆ, ಇವುಗಳಲ್ಲಿ ಒಂದಿರಬಹುದು. ಈ ವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಬರಲೇಬೇಕೆಂದಿಲ್ಲ. ಅವತ್ತೇ ತೋರಿಸಿ.

ಬಾಗಿಲಿನ ಚಿಲಕ ಕಣ್ಣಿಗೆ ಬೀಳದಷ್ಟು ಮೇಲಿರಲಿ, ಆದರೆ ಒಬ್ಬರನ್ನೇ ಒಳಗೆ ಕೂಡಿಹಾಕಿ ಹೋಗಬೇಡಿ. ಬಚ್ಚಲಿನ ಒಳಚಿಲಕ ತೆಗೆಸಿ. ರವಿಕೆ, ಸೀರೆಯ ಒಳಅಂಚಿಗೆ ನಿಮ್ಮ ಫೋನ್ ನಂಬರಿನ ಪಟ್ಟಿ ಹೊಲಿಸಿ, ಈಚಿನ ಫೋಟೊ ಮೊಬೈಲಿನಲ್ಲಿರಲಿ. ಹಿರಿಯರ ಸಹಾಯವಾಣಿ 14567. ನಿಮಗೇ ತಡೆಯದಷ್ಟು ಸಾಕಾದಾಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.