ಗ್ರೂಯೆತ್ಸ್ ಕಡೆ ಬರುತ್ತಿರುವವರಿಗೆ

ಪೋಲೆಂಡಿನ ರಾಜಧಾನಿ ವಾರ್ಸಾದ ದಕ್ಷಿಣಕ್ಕಿರುವ ಗ್ರೂಯೆತ್ಸ್‌ನಲ್ಲಿ ಸೇಬಿನ ಶೀತಲಗೃಹದಲ್ಲಿ ಕೆಲಸ ಸಿಕ್ಕಿದೆ, ಬರೀ ಹಳ್ಳಿಯಂತೆ, ದಿನ ಕಳೆಯುವುದು ಹೇಗೆ ಅಂತ ಕೇಳಿದ್ದೀರಿ. ನಾನು ಅಲ್ಲೇ ಕೆಲಸ ಶುರು ಮಾಡಿದವನು. ಧೈರ್ಯವಾಗಿ ಬನ್ನಿ.

ಪೊವ್ಯಾತ್ ಅಂದರೆ ನಮ್ಮ ತಾಲ್ಲೂಕಿನ ಥರ. ಗ್ರೂಯೆತ್ಸ್ ಪೊವ್ಯಾತ್‌ನಲ್ಲಿ ಎಲ್ಲಿ ನೋಡಿದರೂ ಸೇಬಿನ ತೋಟ. 16ನೇ ಶತಮಾನದಲ್ಲಿ ಇಟಲಿಯಿಂದ ಬಂದ ರಾಣಿ ಬೋನಾ ಇಲ್ಲಿ ತೋಟ ಹಾಕಿಸಿದಳು ಅಂತ ಊರಿನವರು ಹೇಳುತ್ತಾರೆ. 2011ರಲ್ಲಿ ಗ್ರೂಯೆತ್ಸ್ ಸೇಬು ಅನ್ನುವ ಹೆಸರಿಗೇ ಯೂರೋಪಿನ ಭೌಗೋಳಿಕ ಮಾನ್ಯತೆ ಸಿಕ್ಕಿತು. ಕಮ್ಯುನಿಸ್ಟರ ಕಾಲದಲ್ಲೂ ಹೆಚ್ಚಿನ ಜಮೀನು ರೈತರ ಕೈಯಲ್ಲೇ ಉಳಿಯಿತು. ಹಾಗಾಗಿ ಇವತ್ತಿಗೂ ಮನೆಮಂದಿಯೇ ನೋಡಿಕೊಳ್ಳುವ ತೋಟಗಳೇ ಜಾಸ್ತಿ.

ಇಲ್ಲಿ ಎಲ್ಲರ ಜೀವ ಕೈಯಲ್ಲಿರುವುದು ಹೂ ಬಿಡುವ ಹೊತ್ತಿನಲ್ಲಿ. ಕಾಫಿ ತೋಟದವರು ಹೂಮಳೆಗೆ ಕಾಯುತ್ತಾರಲ್ವಾ, ಇಲ್ಲಿಯವರು ಹಿಮಕ್ಕೆ ಹೆದರುತ್ತಾರೆ. ಮೇ 12ರಿಂದ 14ರವರೆಗಿನ ಮೂರು ಸಂತರ ದಿನಗಳಿಗೆ 'ಚಳಿಯ ತೋಟಗಾರರು' ಅಂತಲೇ ಹೆಸರು. ಮೊದಲ ವರ್ಷ ಒಂದು ರಾತ್ರಿ ಮಾಲೀಕರ ಜೊತೆ ತೋಟದಲ್ಲೇ ಇದ್ದೆ. ಬೆಳಗಿನವರೆಗೂ ಗಿಡಗಳ ಮೇಲೆ ನೀರು ಚಿಮ್ಮಿಸುತ್ತಿದ್ದರು. ಚಳಿಗೆ ನೀರು ಯಾಕೆ ಅಂತ ನನಗೆ ಗಾಬರಿ. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖವೇ ಮೊಗ್ಗನ್ನು ಕಾಯುತ್ತದೆ. ಬೆಳಗಾದಾಗ ಒಂದೊಂದು ಹೂವೂ ಗಾಜಿನೊಳಗೆ ಇಟ್ಟ ಹಾಗೆ ಕಾಣುತ್ತಿತ್ತು. ಮಾಲೀಕರ ಹೆಂಡತಿ ಒಂದು ಹೂ ಬಿಡಿಸಿ, ಉಗುರಿನಿಂದ ಸೀಳಿ, ಒಳಗಿನ ಹಸಿರು ತೋರಿಸಿದರು. ಕಪ್ಪಾಗಿದ್ದರೆ ಆ ಹೂವಿನ ಕಾಯಿ ಹೋಯಿತು ಅಂತಲೇ ಲೆಕ್ಕ.

2014ರ ಆಗಸ್ಟ್‌ನಲ್ಲಿ ರಷ್ಯಾ ಪೋಲೆಂಡಿನ ಹಣ್ಣು ಕೊಳ್ಳುವುದನ್ನೇ ನಿಲ್ಲಿಸಿತು. ಅದೇ ದೊಡ್ಡ ಮಾರುಕಟ್ಟೆಯಾಗಿತ್ತು. ರೈತರಿಗೆ ಆಸರೆಯಾಗಲಿ ಅಂತ ದೇಶದ ಜನ ಪಟ್ಟುಹಿಡಿದು ಸೇಬು ತಿಂದರು. ಆ ಮಾತು ಎತ್ತಿದರೆ ಈಗಲೂ ಹಿರಿಯರ ದನಿ ಬದಲಾಗುತ್ತದೆ.

ಇನ್ನೊಂದು ಮಾತು. ಎರಡನೇ ಮಹಾಯುದ್ಧಕ್ಕೆ ಮುಂಚೆ ಗ್ರೂಯೆತ್ಸ್‌ನಲ್ಲಿ ಯಹೂದಿಗಳು ಬಹಳ ಇದ್ದರು. 1941ರಲ್ಲಿ ಜರ್ಮನ್ನರು ಅವರನ್ನು ವಾರ್ಸಾದ ಘೆಟ್ಟೋಗೆ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಗೆ, ಸಾಗಿಸಿದರು. ಪೇಟೆಯಲ್ಲಿ ಸುಮ್ನೆ ಓಡಾಡುವಾಗಲೂ ಅದು ನೆನಪಿರಲಿ.

ಮೊದಲ ದಿನದಿಂದಲೇ ಎದುರಾದವರಿಗೆಲ್ಲ 'ಜೆನ್ ದೋಬ್ರೆ' ಅನ್ನಿ. ಗಂಡಸರನ್ನು ಪಾನ್, ಹೆಂಗಸರನ್ನು ಪಾನಿ ಅಂತ ಕರೆಯಿರಿ. ಭಾನುವಾರ ದೊಡ್ಡ ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡಿ. ಮಾಂಸ ತಿನ್ನದಿದ್ದರೆ ಆಲೂಗಡ್ಡೆ, ಚೀಸ್ ತುಂಬಿದ ಪಿಯೆರೊಗಿ ಕೇಳಿ. ನಮ್ಮ ಕಡುಬಿನ ಥರ ಇರುತ್ತದೆ. ದಪ್ಪ ಸಾಕ್ಸ್ ತನ್ನಿ, ಶೀತಲಗೃಹದ ನೆಲದ ಚಳಿ ಕಾಲಿನಿಂದಲೇ ಏರುತ್ತದೆ.

ಬಂದ ಮೇಲೆ ಒಂದು ಮೆಸೇಜ್ ಹಾಕಿ. ಇದೇ ಪೊವ್ಯಾತ್‌ನ ವಾರ್ಕಾ ಪೇಟೆಗೆ ವಾರ್ಸಾದಿಂದ ರೈಲಿದೆ, ನಾನೇ ಬರುತ್ತೇನೆ. ಅಲ್ಲಿನ ಪಿಲಿತ್ಸಾ ನದಿ ದಂಡೆಯಲ್ಲಿ ಕೂತು ಮಾತಾಡೋಣ.